ಕಡಲ ಜೀವಿಗಳಿಗೆ ಬಣ್ಣ ಹಚ್ಚುವ ಆಟ: ಯಾವ ಪ್ರಾಯಕ್ಕೆ ಯಾವ ಚಿತ್ರ, ಯಾವ ಬಣ್ಣ, ಯಾವ ಕಾಗದ

ಹವಳದ ದಿಬ್ಬ, ಹತ್ತು ಜಾತಿಯ ಮೀನು, ಎರಡು ಕಡಲಕುದುರೆ, ನಡುವೆ ಒಂದು ಮತ್ಸ್ಯಕನ್ಯೆ ಇರುವ ಪುಟವನ್ನು ಎರಡು ವರ್ಷದ ಮಗುವಿನ ಮುಂದೆ ಇಟ್ಟರೆ ಅದು ಒಂದು ಮೂಲೆಯಲ್ಲಿ ನಾಲ್ಕು ಗೀಟು ಎಳೆದು ಎದ್ದು ಹೋಗುತ್ತದೆ. ‘ಇವನಿಗೆ ಬಣ್ಣ ಹಚ್ಚುವುದರಲ್ಲಿ ಆಸಕ್ತಿ ಇಲ್ಲ’ ಎಂದು ಮನೆಯವರು ತೀರ್ಮಾನಿಸಿ ಬಿಡುತ್ತಾರೆ. ಆಸಕ್ತಿ ಖಂಡಿತ ಇದೆ, ಆ ಪುಟಕ್ಕೆ ಬೇಕಾದ ಕೈ ಇನ್ನೂ ಪಳಗಿಲ್ಲ ಅಷ್ಟೆ. ಅದೇ ಮಗುವಿಗೆ ದೊಡ್ಡ ಕಾಗದದಲ್ಲಿ ಕೊಡೆಯಂಥ ಒಂದು ಜೆಲ್ಲಿ ಮೀನಿನ ತಲೆ ಬರೆದು ಕೊಟ್ಟು, ಕೆಳಗೆ ಇಳಿಬಿದ್ದ ಎಳೆಗಳನ್ನು ಎಳೆಯಲು ಬಿಟ್ಟು ನೋಡಿ. ಮತ್ತೆ ಮತ್ತೆ ಎಳೆಯುತ್ತದೆ, ಇನ್ನೊಂದು ಕಾಗದ ಕೇಳುತ್ತದೆ.

ಆದ್ದರಿಂದ ಈ ಹೋಲಿಕೆಯಲ್ಲಿ ಮೊದಲು ಕೈ, ಆಮೇಲೆ ಚಿತ್ರ, ಅದರ ನಂತರ ಬಣ್ಣ ಮತ್ತು ಕಾಗದ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಬೇಕಲ, ನೀಲೇಶ್ವರದ ತನಕ ಯಾವ ಪೇಟೆಯಲ್ಲೂ ಸಿಗುವ, ಇಲ್ಲವೇ ಹಿತ್ತಿಲಲ್ಲೇ ಇರುವ ಸಾಮಾನುಗಳನ್ನಷ್ಟೇ ಇಲ್ಲಿ ಲೆಕ್ಕಕ್ಕೆ ಹಿಡಿದಿದೆ.

ಕೈ ಎಲ್ಲಿಯ ವರೆಗೆ ಬಂದಿದೆ

ಒಂದೂವರೆ ವರ್ಷದ ಮಗು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿದು ಭುಜದಿಂದ ಇಡೀ ತೋಳನ್ನೇ ಆಡಿಸುತ್ತದೆ. ಎರಡು ಎರಡೂವರೆಯ ಹೊತ್ತಿಗೆ ಬೆರಳುಗಳು ಕೆಳಮುಖವಾಗಿ ಕ್ರೇಯಾನಿನ ಮೇಲೆ ಕೂರುತ್ತವೆ, ಚಲನೆ ಮೊಣಕೈಯಿಂದ ಬರುತ್ತದೆ. ಮೂರೂವರೆ ದಾಟಿದ ಮೇಲೆ ಮೂರು ನಾಲ್ಕು ಬೆರಳಲ್ಲಿ ಹಿಡಿಯುವ ಕ್ರಮ ಶುರುವಾಗುತ್ತದೆ, ಆದರೂ ಮಣಿಕಟ್ಟು ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಬೆರಳ ತುದಿಗಳು ಮಾತ್ರ ಆಡಿ ಚಿಕ್ಕ ಜಾಗ ತುಂಬಿಸುವ ಹಿಡಿತ ನಾಲ್ಕೂವರೆಯಿಂದ ಆರರ ನಡುವೆ ಬರುತ್ತದೆ. ಆರು ತಿಂಗಳು ಆಚೀಚೆ ಆದರೆ ಗಾಬರಿ ಬೇಡ.

ಇದರಿಂದ ಒಂದು ಸಂಗತಿ ಸ್ಪಷ್ಟ. ಮಗು ಸಣ್ಣದಾದಷ್ಟೂ ಕಾಗದ ದೊಡ್ಡದಿರಬೇಕು. ಭುಜದಿಂದ ಬರೆಯುವ ಮಗುವಿಗೆ ಎ4 ಕಾಗದ (21 ಸೆಂ.ಮೀ. × 29.7 ಸೆಂ.ಮೀ.) ಸಾಲದು. ಅದರ ಇಮ್ಮಡಿಯ ಎ3 ಅಥವಾ ಚಾರ್ಟ್ ಪೇಪರಿನ ಕಾಲು ಭಾಗ ಕೊಡಿ, ನಾಲ್ಕೂ ಮೂಲೆಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಟೇಪ್ ಇಲ್ಲದಿದ್ದರೆ ಕಾಗದ ಜಾರುತ್ತದೆ. ಜಾರುವ ಕಾಗದವನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ಎರಡು ವರ್ಷದವರಿಗೆ ಬರುವುದಿಲ್ಲ, ಹಾಗಾಗಿ ಅಲ್ಲಿಗೇ ಆಟ ನಿಲ್ಲುತ್ತದೆ. ನೆಲದ ಬದಲು ಮಗುವಿನ ಭುಜದ ಎತ್ತರಕ್ಕೆ ಗೋಡೆಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲೆ ಬರೆಯುವಾಗ ಮಣಿಕಟ್ಟು ತಾನಾಗಿಯೇ ಹಿಂದಕ್ಕೆ ಬಾಗುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವಾಗ ಬೇಕಾಗುವುದು ಅದೇ ಭಂಗಿ.

ಇನ್ನೊಂದು, ಗೀಟುಗಳ ಕ್ರಮ. ಸಾಮಾನ್ಯವಾಗಿ ಎರಡು ವರ್ಷದಲ್ಲಿ ಮೇಲಿಂದ ಕೆಳಗಿನ ಗೀಟು, ಎರಡೂವರೆಯಲ್ಲಿ ಅಡ್ಡ ಗೀಟು, ಮೂರರಲ್ಲಿ ವೃತ್ತ, ನಾಲ್ಕರಲ್ಲಿ ಒಂದನ್ನೊಂದು ಕತ್ತರಿಸುವ ಗೀಟು, ಐದರ ಹೊತ್ತಿಗೆ ತ್ರಿಕೋನ ಬರುತ್ತದೆ. ಚಿತ್ರ ಆರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ, ಏಕೆಂದರೆ ಪ್ರತಿ ಗೀಟಿಗೂ ಕಡಲಲ್ಲಿ ಒಂದೊಂದು ಜೀವಿ ಇದೆ.

ಯಾವ ಜೀವಿ ಯಾವ ಕೈಗೆ

ಕೆಳಮುಖ ಗೀಟಿಗೆ ಜೆಲ್ಲಿ ಮೀನು. ತಲೆಯನ್ನು ದೊಡ್ಡವರು ಬರೆದು ಕೊಡುವುದು, ಎಳೆಗಳು ಮಗುವಿನವು. ಎಳೆ ಎಷ್ಟಿದ್ದರೂ ಸರಿ, ಹೇಗೆ ಸೊಟ್ಟಗಾದರೂ ಸರಿ, ಚಿತ್ರ ಕೆಡುವುದಿಲ್ಲ. ಎರಡು ವರ್ಷಕ್ಕೆ ಇದಕ್ಕೆ ಸಾಟಿ ಇಲ್ಲ. (ಕಡಲ ತಡಿಯಲ್ಲಿ ಸತ್ತು ಬಿದ್ದ ಜೆಲ್ಲಿ ಮೀನನ್ನು ಮಾತ್ರ ಮುಟ್ಟಲು ಬಿಡಬೇಡಿ. ಸತ್ತ ಮೇಲೂ ಅದರ ಎಳೆಗಳು ಚುಚ್ಚುತ್ತವೆ.)

ಅಡ್ಡ ಗೀಟಿಗೆ ಬಂಗುಡೆ. ಅದರ ಬೆನ್ನ ಮೇಲೆ ಉದ್ದಕ್ಕೆ ಕಪ್ಪು ಪಟ್ಟೆಗಳಿವೆ. ಮೀನಿನ ಹೊರಗೆರೆ ಬರೆದು ಕೊಟ್ಟು, ಪಟ್ಟೆ ಎಳೆಯಲು ಹೇಳಿ. ಮನೆಗೆ ತಂದ ಬಂಗುಡೆ ಒಂದನ್ನು ತೊಳೆದು ತಟ್ಟೆಯಲ್ಲಿಟ್ಟು ತೋರಿಸಿದರೆ ಮಗು ಪಟ್ಟೆಯನ್ನು ಬೆರಳಲ್ಲಿ ಸವರಿ ನೋಡುತ್ತದೆ, ಆಮೇಲೆ ಎಳೆಯುವ ಗೀಟಿನಲ್ಲಿ ಆ ಸವರಿದ ದಿಕ್ಕೇ ಕಾಣುತ್ತದೆ. ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಸಿ, ಬೆನ್ನಿನ ಮತ್ತು ಕಿವಿಯ ಹತ್ತಿರದ ಮುಳ್ಳಿನಿಂದ ಬೆರಳನ್ನು ದೂರ ಇಡಿ. ಮೀನು ತಿನ್ನದ ಮನೆಯವರು ಚಿಪ್ಪುಗಳಿಂದ ಶುರು ಮಾಡಬಹುದು. ಮರಳಲ್ಲಿ ಸಿಗುವ ಬಸಳೆ ಎಲೆಯಗಲದ ಚಿಪ್ಪಿನ ಮೇಲೂ ಗೀಟುಗಳು ಸಾಲಾಗಿ ಇರುತ್ತವೆ.

ವೃತ್ತಕ್ಕೆ ಕಡಲಾಮೆ ಮತ್ತು ಆಕ್ಟೋಪಸ್. ಆಮೆಯ ಚಿಪ್ಪೇ ಒಂದು ದೊಡ್ಡ ವೃತ್ತ. ಆಕ್ಟೋಪಸ್‌ಗೆ ಎಂಟು ತೋಳು, ತೋಳುಗಳ ಮೇಲೆ ಸಾಲು ಸಾಲು ಬಟ್ಟಲಿನಂಥ ಹೀರುಗಳು. ಮೂರು ವರ್ಷದ ಮಗುವಿಗೆ ಆ ಹೀರುಗಳನ್ನು ಬರೆಯಲು ಬಿಟ್ಟರೆ ಒಂದೇ ಚಿತ್ರದಲ್ಲಿ ನಲವತ್ತು ವೃತ್ತ ಬರೆಯುತ್ತದೆ. ಆಕ್ಟೋಪಸ್‌ನ ಇನ್ನೊಂದು ಅನುಕೂಲ ಅದರ ಬಣ್ಣ. ಅದರ ಚರ್ಮದಲ್ಲಿ ಹಿಗ್ಗಿ ಕುಗ್ಗುವ ಬಣ್ಣದ ಚೀಲಗಳಿವೆ, ಕ್ಷಣದಲ್ಲಿ ಬಣ್ಣ ಬದಲಾಗುತ್ತದೆ. ಹಾಗಾಗಿ ನೇರಳೆ ಹಚ್ಚಿದರೂ ಹಸಿರು ಹಚ್ಚಿದರೂ ‘ಅದು ಹಾಗಿರುವುದಿಲ್ಲ’ ಎಂದು ಯಾರೂ ತಿದ್ದುವಂತಿಲ್ಲ.

ಏಡಿಗೆ ಬಂದಾಗ ತಿದ್ದುವವರು ಹೆಚ್ಚು. ಅಂಗಡಿಯ ಪುಸ್ತಕದಲ್ಲಿ ಏಡಿ ಯಾವಾಗಲೂ ಕೆಂಪು. ಆದರೆ ಮೀನು ಮಾರ್ಕೆಟಿನಲ್ಲಿ ಬುಟ್ಟಿಯಲ್ಲಿ ಇರುವ ಜೀವಂತ ಏಡಿ ನೀಲಿ ಹಸಿರು ಅಥವಾ ಬೂದು, ಒಂದು ಜಾತಿಗೆ ಬೆನ್ನ ಮೇಲೆ ಮೂರು ಕಪ್ಪು ಕೆಂಪು ಚುಕ್ಕೆ. ಬೇಯಿಸಿದಾಗ ಶಾಖಕ್ಕೆ ಪ್ರೋಟೀನಿನ ಹಿಡಿತ ಬಿಟ್ಟು ಒಳಗಿದ್ದ ಕೆಂಪು ವರ್ಣದ್ರವ್ಯ ಹೊರಗೆ ಕಾಣುತ್ತದೆ. ಸಿಗಡಿಯೂ ಹಾಗೆಯೇ. ನೀಲಿ ಏಡಿ ಬರೆದ ಮಗು ನೋಡಿದ್ದನ್ನೇ ಬರೆದಿದೆ. ಅದನ್ನು ಕೆಂಪು ಮಾಡಿಸಬೇಡಿ.

ಏಡಿಯ ಆಕಾರ ಮಾತ್ರ ಮೂರು ವರ್ಷದೊಳಗಿನವರಿಗೆ ಕಷ್ಟ. ಎಂಟು ಸಪೂರ ಕಾಲು, ಎರಡು ಕೊಂಡಿ, ಎಲ್ಲವೂ ಇಕ್ಕಟ್ಟು. ನಾಲ್ಕಕ್ಕೆ ಸರಿಯಾಗುತ್ತದೆ. ತೊರಕೆ ಇದಕ್ಕೆ ನೇರ ವಿರುದ್ಧ: ಅಗಲವಾದ ಒಂದೇ ಆಕಾರ, ಒಂದು ಉದ್ದ ಬಾಲ, ಎಲ್ಲಿ ಹಚ್ಚಿದರೂ ಒಳಗೇ ಬೀಳುತ್ತದೆ. ಎರಡೂವರೆಯಿಂದ ಮೂರೂವರೆಗೆ ಕೊಡಲು ತೊರಕೆಯಷ್ಟು ಹೊಂದುವ ಚಿತ್ರ ಬೇರೆ ಇಲ್ಲ, ಆದರೂ ಬಣ್ಣದ ಪುಸ್ತಕಗಳಲ್ಲಿ ಅದು ಕಾಣುವುದೇ ಅಪರೂಪ. ನಕ್ಷತ್ರ ಮೀನನ್ನು ಎಲ್ಲರೂ ಸುಲಭ ಎಂದು ಎಣಿಸುತ್ತಾರೆ. ಅದರ ಐದು ಮೂಲೆಗಳೂ ಚೂಪಾಗಿ ಮುಗಿಯುವುದರಿಂದ ಮೂರು ವರ್ಷದ ಕೈ ಪ್ರತಿ ಮೂಲೆಯಲ್ಲೂ ಹೊರಗೆ ಹೋಗುತ್ತದೆ. ಬರೆದು ಕೊಡುವಾಗ ಮೂಲೆಗಳನ್ನು ಬೆರಳ ತುದಿಯಷ್ಟು ದಪ್ಪಗೆ, ಗುಂಡಗೆ ಮಾಡಿ. ಕಡಲಕುದುರೆ, ಹವಳ, ಇಡೀ ಕಡಲಡಿಯ ದೃಶ್ಯ: ಐದು ತುಂಬುವ ತನಕ ಬೇಡ.

ಮಾಂಜಿ, ಬೂತಾಯಿಯಂಥ ಬೆಳ್ಳಿ ಮೀನುಗಳದ್ದು ಬೇರೆ ಸಮಸ್ಯೆ. ಬಿಳಿ ಕಾಗದದಲ್ಲಿ ಬಿಳಿ ಬಣ್ಣ ಕಾಣುವುದಿಲ್ಲ, ಬೂದು ಹಚ್ಚಿದರೆ ಮಂಕು. ಎರಡು ದಾರಿ ಇವೆ. ಕಪ್ಪು ಅಥವಾ ಕಡು ನೀಲಿ ಚಾರ್ಟ್ ಪೇಪರಿನಲ್ಲಿ ಬಿಳಿ ಕ್ರೇಯಾನ್ ಕೊಡುವುದು, ಇದು ಸುಲಭ. ಇಲ್ಲವೇ ರಟ್ಟಿನ ಮೀನಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅದರ ಮೇಲೆ ಪೋಸ್ಟರ್ ಕಲರ್ ಹಚ್ಚಿಸುವುದು. ಬರೀ ಪೋಸ್ಟರ್ ಕಲರ್ ಫಾಯಿಲ್ ಮೇಲೆ ಹನಿ ಹನಿಯಾಗಿ ಒಡೆದು, ಒಣಗಿದ ಮೇಲೆ ಉದುರುತ್ತದೆ. ಎರಡು ಚಮಚ ಬಣ್ಣಕ್ಕೆ ಒಂದು ಚಮಚ ಬಿಳಿ ಅಂಟು ಬೆರೆಸಿದರೆ ಹಿಡಿದುಕೊಳ್ಳುತ್ತದೆ.

ಪುಸ್ತಕವೋ, ಪ್ರಿಂಟೋ, ಕೈಯಲ್ಲಿ ಬರೆದದ್ದೋ

ಅಂಗಡಿಯ ಬಣ್ಣದ ಪುಸ್ತಕ ಕೊಳ್ಳುವ ಮೊದಲು ಒಂದು ಪುಟ ಎತ್ತಿ ಬೆಳಕಿಗೆ ಹಿಡಿಯಿರಿ. ಹಿಂದಿನ ಪುಟದ ಚಿತ್ರ ಕಂಡರೆ ಸ್ಕೆಚ್ ಪೆನ್ ಆಚೆಗೆ ಇಳಿಯುತ್ತದೆ ಎಂದೇ ಅರ್ಥ. ಒಂದೇ ಬದಿಗೆ ಅಚ್ಚಾದ ಪುಸ್ತಕ ತೆಳ್ಳಗಿದ್ದರೂ ನಡೆಯುತ್ತದೆ. ಗೆರೆಯ ದಪ್ಪವನ್ನೂ ನೋಡಿ. ಎರಡು ಮೂರು ವರ್ಷಕ್ಕೆ 5 ಮಿ.ಮೀ., ನಾಲ್ಕಕ್ಕೆ 3 ಮಿ.ಮೀ., ಐದಕ್ಕೆ 1–2 ಮಿ.ಮೀ. ಸಾಕು. ದಪ್ಪ ಗೆರೆ ಒಂದು ಬೇಲಿ: ಬಣ್ಣ ಗೆರೆಯ ಮೇಲೆ ಹತ್ತಿದರೂ ಹೊರಗೆ ಹೋದಂತೆ ಕಾಣುವುದಿಲ್ಲ.

ಪ್ರಿಂಟಿನಲ್ಲಿ ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಕಪ್ಪು ಗೆರೆಗಳು ನೀರು ತಾಗಿದರೆ ಹಲವು ಸಲ ಕರಗಿ ಹರಡುತ್ತವೆ. ಫೋಟೋಸ್ಟಾಟ್ ಅಂಗಡಿಯ ಪ್ರತಿಯಲ್ಲಿ ಟೋನರ್ ಪುಡಿ ಶಾಖಕ್ಕೆ ಕರಗಿ ಅಂಟಿರುವುದರಿಂದ ಗೆರೆ ಅಲುಗುವುದಿಲ್ಲ. ಆದುದರಿಂದ ಕ್ರೇಯಾನಿಗೆ ಯಾವ ಪ್ರಿಂಟ್ ಆದರೂ ಸರಿ, ವಾಟರ್ ಕಲರಿಗೆ ಫೋಟೋಸ್ಟಾಟ್ ಪ್ರತಿಯೇ ಆಗಬೇಕು.

ಮೂರು ವರ್ಷದ ಒಳಗೆ ಇವೆರಡಕ್ಕಿಂತ ಕೈಯಲ್ಲಿ ಬರೆದ ಚಿತ್ರವೇ ಮೇಲು, ಚಿತ್ರ ಬರೆಯಲು ಬಾರದವರೂ ಬರೆಯಬಹುದು. ಊಟದ ಬಟ್ಟಲು ಕವುಚಿ ಸುತ್ತ ದಪ್ಪ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ನಾಲ್ಕು ಈಜುಗಾಲು, ಒಂದು ತಲೆ ಸೇರಿಸಿ, ಆಮೆ ಆಯಿತು. ಅರ್ಧ ಬಟ್ಟಲಿಗೆ ಜೆಲ್ಲಿ ಮೀನು. ಗೆರೆಯೊಳಗೆ ನಿಲ್ಲಲು ಆಸೆಪಟ್ಟು, ಆಗದೆ ಸಿಟ್ಟಾಗುವ ನಾಲ್ಕು ವರ್ಷದವರಿಗೆ ಇನ್ನೊಂದು ಉಪಾಯ: ಗೆರೆಯ ಮೇಲೆ ಬಿಳಿ ಅಂಟನ್ನು ಸಣ್ಣ ದಾರದಂತೆ ಬಿಟ್ಟು ಒಂದು ರಾತ್ರಿ ಒಣಗಿಸಿ, ಮಳೆಗಾಲದಲ್ಲಿ ಎರಡು ರಾತ್ರಿ. ಒಣಗಿದ ಉಬ್ಬು ಗೆರೆಗೆ ಕ್ರೇಯಾನ್ ತಾಗಿದ ಕೂಡಲೇ ಕೈಗೆ ಗೊತ್ತಾಗುತ್ತದೆ. ದೃಷ್ಟಿ ಮಂದವಿರುವ ಮಕ್ಕಳಿಗೂ ಇದೇ ಚಿತ್ರ ಕೊಡಬಹುದು.

ಫೋನಿನಲ್ಲಿ ಬೆರಳು ಒತ್ತಿದರೆ ಬಣ್ಣ ತುಂಬುವ ಆಟಗಳನ್ನು ಈ ಸಾಲಿಗೆ ಸೇರಿಸುವಂತಿಲ್ಲ. ಅಲ್ಲಿ ಕೈಗೆ ಕೆಲಸವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆಯಂತೆ ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕರ ತನಕ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ.

ಬಣ್ಣಗಳಲ್ಲಿ ಯಾವುದು

ಒಂದೂವರೆ ವರ್ಷಕ್ಕೆ ಎಲ್ಲಕ್ಕಿಂತ ಒಳ್ಳೆಯ ಬಣ್ಣ ನೀರು. ಎರಡು ಇಂಚಿನ ಗೋಡೆಯ ಬ್ರಷ್, ಒಂದು ಗೆರಟೆ ನೀರು, ಅಂಗಳದ ಮುರಕಲ್ಲಿನ ಕಟ್ಟೆ. ಸೀಮೆಸುಣ್ಣದಲ್ಲಿ ಕಟ್ಟೆಯ ಮೇಲೆ ದೊಡ್ಡ ಮೀನು ಬರೆದು ಕೊಟ್ಟರೆ ಮಗು ನೀರು ಹಚ್ಚಿದಲ್ಲೆಲ್ಲ ಕಲ್ಲು ಕಪ್ಪಾಗುತ್ತದೆ, ಒಣಗಿ ಮತ್ತೆ ಕೆಂಪಾಗುತ್ತದೆ, ಮತ್ತೆ ಹಚ್ಚಬಹುದು. ಗೆರಟೆ ಉರುಳದಂತೆ ಬೈರಾಸನ್ನು ಸಿಂಬಿಯಂತೆ ಸುತ್ತಿ ಅದರ ಮೇಲೆ ಇಡಿ. ನೀರು ಹಚ್ಚಿದರೆ ಬಣ್ಣ ಕಾಣುವ ಪುಸ್ತಕಗಳದ್ದೂ ಇದೇ ತತ್ತ್ವ. ಪ್ರಯಾಣಕ್ಕೆ ಅವು ಅನುಕೂಲ, ಆದರೆ ಜೂನ್ ಜುಲೈಯಲ್ಲಿ ಒಂದು ಪುಟ ಒಣಗಲು ಬಹಳ ಹೊತ್ತು ಹಿಡಿಯುತ್ತದೆ, ಮಗು ಅಷ್ಟು ಹೊತ್ತು ಕಾಯುವುದಿಲ್ಲ.

ಕ್ರೇಯಾನ್ ಮತ್ತು ಸ್ಕೆಚ್ ಪೆನ್ ನಡುವೆ ಆರಿಸುವಾಗ ಒತ್ತಡದ ಲೆಕ್ಕ ನೋಡಿ. ಕ್ರೇಯಾನಿನಲ್ಲಿ ಒತ್ತಿದಷ್ಟು ಗಾಢ. ಮಗುವಿನ ಕೈ ತಾನೇ ಬಲ ಕಲಿಯುತ್ತದೆ. ಸ್ಕೆಚ್ ಪೆನ್ ಮುಟ್ಟಿದರೆ ಸಾಕು, ಬಣ್ಣ ಬರುತ್ತದೆ. ಬಲ ಕಡಿಮೆ ಇರುವ ಕೈಗೆ ಅದು ಖುಷಿ, ಆದರೆ ಅಭ್ಯಾಸ ಆಗುವುದಿಲ್ಲ. ದಿನವೂ ಕ್ರೇಯಾನ್, ವಾರಕ್ಕೊಮ್ಮೆ ಸ್ಕೆಚ್ ಪೆನ್ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ. ಸ್ಕೆಚ್ ಪೆನ್ನಿನ ಮುಚ್ಚಳ ಬಾಯಿಗೆ ಹೋಗುವ ವಸ್ತು, ಮೂರರೊಳಗಿನವರಿಗೆ ಮುಚ್ಚಳ ತೆಗೆದು ಪೆನ್ ಮಾತ್ರ ಕೊಡಿ. ಪ್ಲಾಸ್ಟಿಕ್ ಕ್ರೇಯಾನ್ ಮುರಿಯುವುದಿಲ್ಲ, ಕೈಗೆ ಹತ್ತುವುದಿಲ್ಲ, ಆದರೆ ಗಟ್ಟಿಯಾದ್ದರಿಂದ ಬಣ್ಣ ತಿಳಿ. ಆಯಿಲ್ ಪೇಸ್ಟಲ್ ಮೆತ್ತಗೆ, ಗಾಢ. ಅದು ಅಂಗಿ, ಗೋಡೆ, ಕೆನ್ನೆ ಎಲ್ಲಕ್ಕೂ ಹತ್ತುತ್ತದೆ, ನಾಲ್ಕರ ನಂತರ ಕೊಟ್ಟರೆ ಆಯಿತು. ಬಣ್ಣದ ಪೆನ್ಸಿಲೂ ನಾಲ್ಕರ ಮೇಲೆಯೇ, ಅದರಲ್ಲೂ ಮೂರು ಮೂಲೆಯ ದಪ್ಪ ಪೆನ್ಸಿಲ್.

ಕ್ರೇಯಾನಿನ ಉದ್ದದ ಬಗ್ಗೆ ಎರಡು ಮಾತು. ಮೂರೂವರೆ ದಾಟಿದವರಿಗೆ 2–3 ಸೆಂ.ಮೀ. ತುಂಡು ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ. ಹಿಡಿತ ತಿದ್ದಲು ಬೈಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಅದೇ ತುಂಡು ಮೂರರೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆ. ಆಟಿಕೆಗಳ ಸುರಕ್ಷತೆ ಪರೀಕ್ಷಿಸುವ ಕೊಳವೆಯ ಬಾಯಿ ಸುಮಾರು 32 ಮಿ.ಮೀ., ಅದರೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಆ ಪ್ರಾಯಕ್ಕೆ ಸಲ್ಲದು. ಅಣ್ಣನ ತುಂಡುಗಳು ತಂಗಿಯ ಕೈಗೆ ಸಿಗದಂತೆ ಡಬ್ಬಿಗೆ ಹಾಕಿ ಮೇಲೆ ಇಡಿ. ಸಣ್ಣವರಿಗೆ ಹೆಬ್ಬೆರಳು ದಪ್ಪದ, ಉದ್ದ ಕ್ರೇಯಾನ್.

ಒಂದು ಸಲಕ್ಕೆ ಎಷ್ಟು ಬಣ್ಣ? ಎರಡು ವರ್ಷಕ್ಕೆ ಎರಡು, ಮೂರಕ್ಕೆ ನಾಲ್ಕು. ಇಪ್ಪತ್ತನಾಲ್ಕರ ಪೆಟ್ಟಿಗೆ ಇಟ್ಟರೆ ಮಗು ಪೆಟ್ಟಿಗೆಯೊಂದಿಗೆ ಆಡುತ್ತದೆ.

ಬೆರಳಲ್ಲಿ ಹಚ್ಚುವ ಬಣ್ಣ ಅಂಗಡಿಯಿಂದ ತರುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ, ಐಎಸ್ 9873 ಎಂಬ ಆಟಿಕೆ ಮಾನಕದಲ್ಲಿ ಬೆರಳು ಬಣ್ಣಕ್ಕೇ ಒಂದು ಭಾಗ ಇದೆ.

ಮೇಣ ಮತ್ತು ನೀರು: ಕಡಲಿಗೆ ಹೇಳಿ ಮಾಡಿಸಿದ ಕ್ರಮ

ಎಲ್ಲ ಬಗೆಗಳಲ್ಲಿ ಒಂದನ್ನೇ ಆರಿಸಿ ಎಂದರೆ ಮೂರೂವರೆಯಿಂದ ಆರರ ತನಕದ ಮಕ್ಕಳಿಗೆ ಇದನ್ನೇ ಹೇಳಬೇಕು. ಕ್ರೇಯಾನಿನಲ್ಲಿ ಮೀನು ಬರೆದು ಮೇಲಿಂದ ನೀಲಿ ನೀರು ಬಳಿದರೆ ಮೇಣ ಇರುವಲ್ಲಿ ನೀರು ನಿಲ್ಲುವುದಿಲ್ಲ, ಉಳಿದ ಕಡೆ ಕಡಲು ತುಂಬುತ್ತದೆ. ಗೆರೆ ದಾಟುವ ಭಯವೇ ಇಲ್ಲ.

ಬೇಕಾದ್ದು: 130–150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಡ್ರಾಯಿಂಗ್ ಶೀಟ್, ಮೇಣದ ಕ್ರೇಯಾನ್ ಅಥವಾ ಆಯಿಲ್ ಪೇಸ್ಟಲ್, ನೀಲಿ ವಾಟರ್ ಕಲರ್, ಒಂದು ಇಂಚಿನ ಚಪ್ಪಟೆ ಬ್ರಷ್. ಮೊದಲು ಕಾಗದದ ನಾಲ್ಕೂ ಅಂಚಿಗೆ ಪೂರ್ತಿ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಮಗು ಮೀನು, ಆಮೆ, ಗುಳ್ಳೆ ಏನು ಬೇಕಾದರೂ ಬರೆಯಲಿ, ಒತ್ತಿ ಬರೆಯಲಿ. ಬರೆದದ್ದರ ಮೇಲೆ ಬೆರಳಾಡಿಸಿದಾಗ ಜಿಡ್ಡು ತಾಗಬೇಕು. ಕಾಲು ಲೋಟ, ಅಂದರೆ ಸುಮಾರು 50 ಮಿ.ಲೀ. ನೀರಿಗೆ ಕಡಲೆಕಾಳಿನಷ್ಟು ಟ್ಯೂಬ್ ಬಣ್ಣ ಕರಗಿಸಿ. ಬ್ರಷ್ಷನ್ನು ಎಡದಿಂದ ಬಲಕ್ಕೆ ಒಂದೇ ಸಲ ಎಳೆದು, ಅದರ ಕೆಳಗೆ ಇನ್ನೊಂದು ಸಲ. ನೀರು ಒದ್ದೆ ಇರುವಾಗಲೇ ಒಂದು ಚಿಟಿಕೆ ಕಲ್ಲುಪ್ಪು ಉದುರಿಸಿದರೆ ಪ್ರತಿ ಹರಳೂ ಸುತ್ತಲ ಬಣ್ಣ ಹೀರಿ ಬಿಳಿ ಚುಕ್ಕೆ ಬಿಡುತ್ತದೆ, ನೊರೆಯ ಹಾಗೆ. ಒಣಗಿದ ಮೇಲೆ ಉಪ್ಪು ಕೊಡವಿ.

ಕೆಡುವುದು ಮೂರು ಕಡೆ. ಮೀನಿನ ಮೇಲೂ ನೀಲಿ ಹತ್ತಿದರೆ ಒಂದೋ ಮೇಣ ತೆಳ್ಳಗಾಗಿದೆ, ಇಲ್ಲವೇ ಬಣ್ಣ ದಪ್ಪವಾಗಿದೆ. ನೀರು ಜಾಸ್ತಿ ಮಾಡಿ. ಪೋಸ್ಟರ್ ಕಲರ್ ಬಳಸಿದರೆ ಅದು ಮೇಣವನ್ನೇ ಮುಚ್ಚುತ್ತದೆ, ಇಲ್ಲಿಗೆ ವಾಟರ್ ಕಲರೇ ಸರಿ. ಕಾಗದ ದೋಣಿಯಂತೆ ಬಾಗಿದರೆ ಅದು 70–75 ಜಿಎಸ್‌ಎಂನ ಪ್ರಿಂಟ್ ಕಾಗದ. ಮಗು ಒಂದೇ ಜಾಗದಲ್ಲಿ ಬ್ರಷ್ ತಿಕ್ಕುತ್ತಾ ಕೂತರೆ ಕಾಗದದ ನಾರು ಎದ್ದು ಹರಿಯುತ್ತದೆ. ಹಾಗೆ ತಿಕ್ಕುವುದು ತಪ್ಪಲ್ಲ, ಆ ಪ್ರಾಯದ ಗುಣ. ದಪ್ಪ ಕಾಗದ ಕೊಡುವುದೇ ಅದಕ್ಕೆ ಪರಿಹಾರ.

ಅಚ್ಚು ಒತ್ತುವುದು

ಬಣ್ಣ ತುಂಬುವ ತಾಳ್ಮೆ ಇಲ್ಲದ, ಮೂರು ನಿಮಿಷಕ್ಕೆ ಏಳುವ ಮಕ್ಕಳಿಗೆ ಅಚ್ಚು ಒಗ್ಗುತ್ತದೆ. ದಾರೆಹುಳಿಯನ್ನು ಅಡ್ಡಕ್ಕೆ ಕೊಯ್ದರೆ ಅಚ್ಚುಕಟ್ಟಾದ ಐದು ಮೂಲೆಯ ನಕ್ಷತ್ರ, ನಕ್ಷತ್ರ ಮೀನಿಗೆ ಬೇರೆ ಅಚ್ಚು ಹುಡುಕಬೇಕಾಗಿಲ್ಲ. ತೆಳು ಬಿಲ್ಲೆ ಮಾಡದೆ ಅರ್ಧ ಕಾಯಿಯನ್ನೇ ಹಿಡಿಯಾಗಿ ಇಟ್ಟುಕೊಳ್ಳಿ. ಕೊಯ್ದ ಮುಖವನ್ನು ಬಟ್ಟೆಯ ಮೇಲೆ ಕವುಚಿ ಹತ್ತು ನಿಮಿಷ ಬಿಡಿ. ರಸ ಆರದಿದ್ದರೆ ಬಣ್ಣ ನೀರಾಗಿ ನಕ್ಷತ್ರದ ನಡು ಬೋಳಾಗಿ ಬರುತ್ತದೆ. ಬೆಂಡೆಕಾಯಿಯೂ ಆಗುತ್ತದೆ, ಅದರಲ್ಲಿ ಬಲಿತದ್ದೇ ಬೇಕು. ಎಳೆ ಬೆಂಡೆ ಒತ್ತಿದ ಕೂಡಲೇ ಚಪ್ಪಟೆಯಾಗುತ್ತದೆ, ಲೋಳೆಯೂ ಹೆಚ್ಚು. ಅರ್ಧ ಗಂಟೆ ಮೊದಲೇ ಕೊಯ್ದು ಒರೆಸಿಟ್ಟರೆ ಗೆರೆ ಬಿಡಿಬಿಡಿಯಾಗಿ ಬೀಳುತ್ತದೆ.

ಬಣ್ಣಕ್ಕೆ ಅಡಿಕೆ ಹಾಳೆಯ ತಟ್ಟೆಯಲ್ಲಿ ನಾಲ್ಕು ಮಡಿಕೆಯ ಹಳೆ ಬಟ್ಟೆ ಇಟ್ಟು ಎರಡು ಚಮಚ ಪೋಸ್ಟರ್ ಕಲರ್ ಸವರಿ. ತಟ್ಟೆಯಲ್ಲಿ ನೇರವಾಗಿ ಬಣ್ಣ ಸುರಿದರೆ ಮಕ್ಕಳು ಅದ್ದಿ ತೆಗೆಯುತ್ತಾರೆ, ನಕ್ಷತ್ರದ ಬದಲು ಮುದ್ದೆ ಬೀಳುತ್ತದೆ.

ಅಂಗೈ ಅಚ್ಚಿನಲ್ಲಿ ಎರಡು ಜೀವಿಗಳು ಚೆನ್ನಾಗಿ ಬರುತ್ತವೆ. ಹೆಬ್ಬೆರಳು ಬಿಟ್ಟು ಎರಡೂ ಅಂಗೈ ಒಂದರ ಮೇಲೊಂದು ಬರುವಂತೆ, ಬೆರಳು ಕೆಳಗೆ ಮಾಡಿ ಒತ್ತಿದರೆ ಎಂಟು ತೋಳಿನ ಆಕ್ಟೋಪಸ್. ಹೆಬ್ಬೆರಳೂ ಸೇರಿ ಹತ್ತು ಬೆರಳು ಎರಡು ಬದಿಗೆ ಹರಡಿ ಒತ್ತಿದರೆ ಏಡಿ: ಎಂಟು ಕಾಲು, ಎರಡು ಕೊಂಡಿ, ಲೆಕ್ಕ ಸರಿಯಾಗಿ ಕೂರುತ್ತದೆ. ಬಣ್ಣದಲ್ಲಿ ಕೈ ಅದ್ದಬೇಡಿ, ಸ್ಪಂಜಿನಿಂದ ತೆಳ್ಳಗೆ ಸವರಿ. ಒಂದೂವರೆ ವರ್ಷದ ಮಗು ಅಂಗೈಗೆ ತಂಪು ತಾಗಿದೊಡನೆ ಮುಷ್ಟಿ ಬಿಗಿಯುತ್ತದೆ. ಅದಕ್ಕೆ ಪಾದದ ಅಚ್ಚೇ ಸರಿ, ಹಿಮ್ಮಡಿ ತಲೆಯಾಗಿ ಬೆರಳು ಬಾಲವಾಗಿ ಮೀನು ಆಗುತ್ತದೆ.

ಹಾಳೆ ತಟ್ಟೆ ಹಿಡಿದದ್ದೇ ಆದರೆ ಇನ್ನೊಂದು. ದುಂಡನೆಯ ತಟ್ಟೆಯನ್ನು ಕವುಚಿದರೆ ಆಮೆಯ ಚಿಪ್ಪು. ನೀಲೇಶ್ವರದ ತೈಕಡಪ್ಪುರಂ ಕಡಲ ತಡಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಆಮೆಯ ಚಿಪ್ಪು ಸುಮಾರು 60–70 ಸೆಂ.ಮೀ. ಉದ್ದ, ಬಣ್ಣ ಆಲಿವ್ ಹಸಿರು. ಮೊಟ್ಟೆಯೊಡೆದು ಬಂದ ಮರಿಗಳು ಮಾತ್ರ ಕಪ್ಪಿನ ಕಡೆಗಿನ ಬೂದು. ಹಾಗಾಗಿ ಕಪ್ಪು ಆಮೆಯೂ ಸರಿಯೇ. ಹಾಳೆಯ ನಾರಿನ ಮೇಲೆ ಕ್ರೇಯಾನ್ ಜಾರಿ ಗೀಟು ತುಂಡಾಗುತ್ತದೆ, ಪೋಸ್ಟರ್ ಕಲರ್ ಎರಡು ಪದರ ಹಚ್ಚಿದರೆ ನಿಲ್ಲುತ್ತದೆ. ರಟ್ಟಿನ ಈಜುಗಾಲುಗಳನ್ನು ಒಳಬದಿಯಿಂದ ಅಂಟಿಸಿ.

ಬಾಯಿಗೆ ಹಾಕುವ ಪ್ರಾಯಕ್ಕೆ ಮನೆಯ ಬಣ್ಣ

ಕೈಯಲ್ಲಿದ್ದದ್ದನ್ನೆಲ್ಲ ನೆಕ್ಕುವ ಮಗುವಿಗೆ ಬಣ್ಣವನ್ನು ಮನೆಯಲ್ಲೇ ಕಾಸಬಹುದು. 4 ದೊಡ್ಡ ಚಮಚ ಕಾರ್ನ್‌ಫ್ಲೋರ್, 1 ಕಪ್ (250 ಮಿ.ಲೀ.) ನೀರು, ಅರ್ಧ ಸಣ್ಣ ಚಮಚ ಉಪ್ಪು. ಕಾಲು ಭಾಗ ತಣ್ಣೀರಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿ, ಉಳಿದ ನೀರು ಬಿಸಿಯಾದಾಗ ಸುರಿದು, ಸಣ್ಣ ಉರಿಯಲ್ಲಿ ಮಗುಚುತ್ತಾ ಮೂರು ನಾಲ್ಕು ನಿಮಿಷ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಗಂಟು ಖಚಿತ. ಪೂರ್ತಿ ತಣಿದ ಮೇಲೆ ಬಟ್ಟಲುಗಳಿಗೆ ಹಂಚಿ ಬಣ್ಣ ಸೇರಿಸಿ.

ಹಳದಿಗೆ ಕಾಲು ಸಣ್ಣ ಚಮಚ ಅರಸಿನ. ಗುಲಾಬಿಗೆ ಬೀಟ್‌ರೂಟ್ ರಸ, ಕಾಸುವಾಗ ಹಾಕಿದರೆ ಕಂದಾಗುತ್ತದೆ, ತಣಿದ ಮೇಲೆಯೇ ಹಾಕಬೇಕು. ಕಡು ನೇರಳೆಗೆ ಮಾಗಿದ ಬಸಳೆ ಹಣ್ಣು, ಹತ್ತಿಪ್ಪತ್ತು ಹಣ್ಣು ಹಿಂಡಿ ಸೋಸಿದರೆ ಸಾಕು. ಕಡಲಿಗೆ ಬೇಕಾದ ನೀಲಿ ಶಂಖಪುಷ್ಪದಲ್ಲಿದೆ: ಹತ್ತು ಹನ್ನೆರಡು ಹೂವನ್ನು ಅರ್ಧ ಕಪ್ ಬಿಸಿನೀರಲ್ಲಿ ನೆನೆಹಾಕಿ, ಆ ನೀರಲ್ಲೇ ಹಿಟ್ಟು ಕಾಸಿ. ಅದಕ್ಕೆ ಎರಡು ಹನಿ ಲಿಂಬೆರಸ ಬಿದ್ದರೆ ನೇರಳೆಯಾಗುತ್ತದೆ. ನಾಲ್ಕು ವರ್ಷದವರಿಗೆ ಲಿಂಬೆಯ ಹೋಳು ಕೊಟ್ಟು ಅವರ ಕೈಯಿಂದಲೇ ಹಿಂಡಿಸಿ.

ಈ ಬಣ್ಣಗಳು ಅಂಗಡಿಯ ಬಣ್ಣದಷ್ಟು ಗಾಢ ಅಲ್ಲ, ಬಿಸಿಲಿಗೆ ಮಾಸುತ್ತವೆ. ನಮ್ಮ ಸೆಕೆಗೆ ಹೊರಗಿಟ್ಟರೆ ಮರುದಿನವೇ ಹುಳಿವಾಸನೆ, ಫ್ರಿಜ್ಜಿನಲ್ಲಿ ಮೂರು ದಿನ. ಅರಸಿನದ ಕಲೆ ಸಾಬೂನು ತಾಗಿದಾಗ ಕೆಂಪಾಗುವುದನ್ನು ನೋಡಿ ಹೆದರಬೇಡಿ, ಬಟ್ಟೆ ತೊಳೆದು ಕಡು ಬಿಸಿಲಿಗೆ ಹಾಕಿದರೆ ಕಲೆ ಸ್ವಲ್ಪ ಸ್ವಲ್ಪವೇ ಹೋಗುತ್ತದೆ. ಕಾರ್ನ್‌ಫ್ಲೋರ್ ಬದಲು ಮೈದಾ ಹಾಕುವವರು ಮಗುವಿಗೆ ಗೋಧಿ ಆಗಿಬರುತ್ತದೆಯೇ ಎಂದು ನೋಡಿಕೊಳ್ಳಿ.

ಅಂಗನವಾಡಿಯಲ್ಲಿ, ಒಟ್ಟಿಗೆ ಹದಿನೈದು ಮಕ್ಕಳಿದ್ದರೆ

ಮೂರರಿಂದ ಆರರ ತನಕದ ಮಕ್ಕಳು ಒಂದೇ ಕೋಣೆಯಲ್ಲಿ ಇರುವುದರಿಂದ ಟೀಚರಿಗೆ ಪ್ರಾಯಕ್ಕೊಂದು ಚಿತ್ರ ತಯಾರಿಸುವುದು ಆಗುವ ಮಾತಲ್ಲ. ಜೀವಿ ಒಂದೇ ಇರಲಿ, ಕೆಲಸ ಮೂರು ಬಗೆ ಇರಲಿ. ಆಮೆಯನ್ನೇ ತೆಗೆದುಕೊಳ್ಳಿ. ಮೂರು ವರ್ಷದವರಿಗೆ ಒಳಗೆ ಏನೂ ಇಲ್ಲದ ದೊಡ್ಡ ಚಿಪ್ಪು, ಬೆರಳ ಚುಕ್ಕೆ ಒತ್ತಲು. ನಾಲ್ಕರವರಿಗೆ ಚಿಪ್ಪಿನೊಳಗೆ ಐದಾರು ದೊಡ್ಡ ಮನೆ, ಮನೆಗೊಂದು ಬಣ್ಣ. ಐದರವರಿಗೆ ಬರೀ ವೃತ್ತ, ಮನೆಗಳನ್ನು ಅವರೇ ಗೀಟೆಳೆದು ಮಾಡಿ ತುಂಬಬೇಕು. ಕೊನೆಗೆ ಎಲ್ಲ ಆಮೆಗಳನ್ನೂ ಕತ್ತರಿಸಿ ನೀಲಿ ಬಳಿದ ಒಂದೇ ಉದ್ದ ಕಾಗದಕ್ಕೆ ಅಂಟಿಸಿದರೆ ಯಾರದ್ದು ಅಂದ, ಯಾರದ್ದು ಅಲ್ಲ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗೋಡೆಗೆ ಆಯ್ದ ಮೂರು ಚಿತ್ರ ಮಾತ್ರ ಹಾಕುವ ಪದ್ಧತಿ ಇದ್ದರೆ ದಯವಿಟ್ಟು ಬಿಡಿ. ಉಳಿದ ಹನ್ನೆರಡು ಮಕ್ಕಳು ಅದನ್ನು ದಿನಾ ನೋಡುತ್ತಾರೆ.

ಗುಂಪಿನಲ್ಲಿ ಮೇಣ-ನೀರಿನ ಆಟ ಒಮ್ಮೆಗೆ ನಾಲ್ಕು ಮಕ್ಕಳಿಗೆ ಸಾಕು, ಉಳಿದವರಿಗೆ ಕ್ರೇಯಾನ್. ಎಲ್ಲರಿಗೂ ಒಟ್ಟಿಗೆ ನೀರು ಕೊಟ್ಟರೆ ಹತ್ತು ನಿಮಿಷದಲ್ಲಿ ನೆಲ ಜಾರುತ್ತದೆ. ಅಚ್ಚಿನ ತಟ್ಟೆ ಮೂವರಿಗೊಂದು.

ಮಳೆಗಾಲ ಮತ್ತು ಸೆಕೆಗಾಲ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಕಾಗದ ಗಾಳಿಯಿಂದಲೇ ತೇವ ಹೀರುತ್ತದೆ. ಸ್ಕೆಚ್ ಪೆನ್ನಿನ ಗೀಟು ಅಂಚಿನಲ್ಲಿ ರೋಮ ರೋಮವಾಗಿ ಹರಡಿದರೆ ಪೆನ್ನಿನ ತಪ್ಪಲ್ಲ, ಕಾಗದ ತೇವವಾಗಿದೆ. ಬಳಸುವ ಮೊದಲು ಎರಡು ನಿಮಿಷ ಇಸ್ತ್ರಿ ಪೆಟ್ಟಿಗೆಯ ಕಡಿಮೆ ಬಿಸಿ ಕೊಟ್ಟರೆ ಸರಿಯಾಗುತ್ತದೆ. ಉಳಿದ ಕಾಗದವನ್ನು ಬಿಗಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಡಿ. ಈ ನಾಲ್ಕು ತಿಂಗಳು ಕ್ರೇಯಾನ್, ಬಣ್ಣದ ಪೆನ್ಸಿಲ್ ಹೆಚ್ಚು, ನೀರಿನ ಬಣ್ಣ ಕಡಿಮೆ ಇರಲಿ. ನೀರಿನ ಬಣ್ಣ ಹಚ್ಚಿದ ಚಿತ್ರವನ್ನು ಪೇಪರಿನ ಮೇಲೆ ಒಣಗಲು ಬಿಟ್ಟರೆ ಎರಡೂ ಅಂಟಿಕೊಳ್ಳುತ್ತವೆ. ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ ಹಾಕಿ ಫ್ಯಾನಿನ ಕೆಳಗೆ ತೂಗಬಿಡಿ. ಪೂರ್ತಿ ಒಣಗದೆ ಒಂದರ ಮೇಲೊಂದು ಪೇರಿಸಿದರೆ ವಾರದೊಳಗೆ ಬೂಸು ಹಿಡಿಯುತ್ತದೆ.

ಎಪ್ರಿಲ್ ಮೇ ತಿಂಗಳಲ್ಲಿ ತೊಂದರೆ ಉಲ್ಟಾ. ಕಾರಿನೊಳಗೆ ಅಥವಾ ಕಿಟಕಿಯ ಬಿಸಿಲಿಗೆ ಇಟ್ಟ ಆಯಿಲ್ ಪೇಸ್ಟಲ್ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಕ್ರೇಯಾನ್ ಮೆತ್ತಗಾಗಿ ಒತ್ತಿದ ಕೂಡಲೇ ಬಾಗುತ್ತದೆ. ಬಾಗಿದ್ದನ್ನು ಹತ್ತು ನಿಮಿಷ ತಣ್ಣೀರಲ್ಲಿ ಮುಳುಗಿಸಿ ಒರೆಸಿದರೆ ಮತ್ತೆ ಗಟ್ಟಿಯಾಗುತ್ತದೆ. ಸುತ್ತಿದ ಕಾಗದ ಇರುವುದಾದರೆ ಅದನ್ನು ಮೊದಲು ಸುಲಿದು ತೆಗೆಯಿರಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಕಾಗದ ಲೋಳೆಯಾಗುತ್ತದೆ.